ತಾಳ ಹಿಡಿಯುವ ಕೈ: ಬಡಗುತಿಟ್ಟಿನ ರಂಗಸ್ಥಳದಲ್ಲಿ ಹೆಣ್ಣಿನ ದನಿ

ಬಡಗುತಿಟ್ಟು ಯಕ್ಷಗಾನದ ತವರು ಯಾವುದೆಂದು ಕೇಳಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳತ್ತ ಬೆರಳು ತೋರಿಸಬೇಕು. ಹಾರಾಡಿ, ಮಟಪಾಡಿ ಎಂಬ ಎರಡು ಶೈಲಿಗಳು ಹೆಸರು ಪಡೆದದ್ದು ಬ್ರಹ್ಮಾವರದ ಮಗ್ಗುಲಿನ ಎರಡು ಹಳ್ಳಿಗಳಿಂದ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಕೋಟದ ಅಮೃತೇಶ್ವರಿ ಎಂದು ಇಲ್ಲಿ ಮೇಳಗಳ ಹೆಸರು ಹೇಳುತ್ತ ಹೋದರೆ ದೇವಸ್ಥಾನಗಳ ಹೆಸರು ಹೇಳಿದಂತೆಯೇ ಆಗುತ್ತದೆ. ಯಕ್ಷಗಾನವನ್ನು ಶಾಸ್ತ್ರೀಯ ಅಧ್ಯಯನದ ವಸ್ತುವಾಗಿಸಿದ ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಷ್ಟು ಗಟ್ಟಿಯಾಗಿ ಬೇರೂರಿದ ಕಲೆಯೊಂದರಲ್ಲಿ ಹೆಣ್ಣಿನ ಸಿಟ್ಟನ್ನು ಯಾರು ಆಡಿದರು, ಯಾರು ಹಾಡಿದರು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಸಿಟ್ಟು ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಯಕ್ಷಗಾನದಲ್ಲಿ ಹೆಣ್ಣು ಎಂದರೆ ಶೃಂಗಾರ ಅಥವಾ ಕಣ್ಣೀರು ಎಂಬ ತಪ್ಪು ಕಲ್ಪನೆಯಿದೆ. ಪ್ರಸಂಗಗಳನ್ನು ನೋಡಿದರೆ ಚಿತ್ರ ಬೇರೆಯೇ. 'ಭೀಷ್ಮ ವಿಜಯ'ದ ಅಂಬೆಯನ್ನು ಅವಳ ಒಪ್ಪಿಗೆ ಕೇಳದೆ ಸ್ವಯಂವರದಿಂದ ರಥಕ್ಕೇರಿಸಲಾಗುತ್ತದೆ. ಸಾಲ್ವ ಅವಳನ್ನು ಒಲ್ಲೆ ಎನ್ನುತ್ತಾನೆ, ಭೀಷ್ಮ ಪ್ರತಿಜ್ಞೆಯ ನೆಪ ಹೇಳುತ್ತಾನೆ. ಇಬ್ಬರು ಗಂಡಸರ ಮಾನದ ನಡುವೆ ಸಿಕ್ಕ ಅವಳು ಪರಶುರಾಮನನ್ನೇ ಯುದ್ಧಕ್ಕೆ ಎಬ್ಬಿಸುತ್ತಾಳೆ. ಜೈಮಿನಿ ಭಾರತದಿಂದ ಬಂದ ಜ್ವಾಲೆ, ಮಗನನ್ನು ಕೊಂದ ಅರ್ಜುನನೊಡನೆ ಗಂಡ ನೀಲಧ್ವಜ ಸಂಧಿ ಮಾಡಿಕೊಂಡದ್ದನ್ನು ಒಪ್ಪದೆ ಅರಮನೆ ಬಿಟ್ಟು ನಡೆಯುತ್ತಾಳೆ. ಅದೇ ಮೂಲದ ಪ್ರಮೀಳೆ ಹೆಂಗಸರ ರಾಜ್ಯವನ್ನಾಳುತ್ತ ಯಜ್ಞದ ಕುದುರೆಯನ್ನು ಕಟ್ಟಿಹಾಕುತ್ತಾಳೆ. ದೇವೀ ಮಹಾತ್ಮ್ಯೆಯಲ್ಲಿ ಮಹಿಷನ ಎದುರು ನಿಲ್ಲುವವಳು ಹೆಣ್ಣೇ. ಮೂಕಾಸುರನನ್ನು ಕೊಂದ ಮೂಕಾಂಬಿಕೆಯ ಕೊಲ್ಲೂರು ಇರುವುದೂ ಬೈಂದೂರು ತಾಲೂಕಿನಲ್ಲೇ. ಹೀಗೆ ಈ ಸೀಮೆಯ ರಂಗಸ್ಥಳಕ್ಕೆ ಹೆಣ್ಣಿನ ರೌದ್ರ ಹೊಸದಲ್ಲ. ಆದರೆ ಆ ರೌದ್ರವನ್ನು ತಲೆಮಾರುಗಳ ಕಾಲ ಆಡಿ ತೋರಿಸಿದವರು ಗಂಡಸರು. ಆ ಪದ್ಯಗಳನ್ನು ಬರೆದ ಕವಿ, ಹಾಡಿದ ಭಾಗವತ, ನುಡಿಸಿದ ಮದ್ದಳೆಗಾರ, ಚಂಡೆಯವ ಎಲ್ಲರೂ ಗಂಡಸರು.

ಸ್ತ್ರೀವೇಷದ ಗಂಡಸರ ಸಾಧನೆಯನ್ನು ಕಡೆಗಣಿಸಿ ಈ ಮಾತು ಮುಂದುವರಿಸುವುದು ಅನ್ಯಾಯ. ಕೋಟ ವೈಕುಂಠ, ಅರಾಟೆ ಮಂಜುನಾಥರಂಥ ಕಲಾವಿದರ ನಡೆ, ಕಣ್ಣಿನ ಚಲನೆ, ಮಾತಿನ ಹದ ಇಂದಿಗೂ ಅಳತೆಗೋಲಾಗಿವೆ. ಗಂಡು ಹೆಣ್ಣಾಗುವುದು ರಂಗಭೂಮಿಯ ಒಂದು ಶಕ್ತಿ, ಅದು ಉಳಿಯಬೇಕು. ನನ್ನ ತಕರಾರು ಇರುವುದು ಆ ಶಕ್ತಿ ಒಂದೇ ದಿಕ್ಕಿಗೆ ಹರಿದದ್ದರ ಬಗ್ಗೆ. ಗಂಡು ದ್ರೌಪದಿಯಾದರೆ ಕಲೆ, ಹೆಣ್ಣು ಕರ್ಣನಾದರೆ ಕುತೂಹಲ ಎಂಬ ನೋಟ ನಮ್ಮ ಪ್ರೇಕ್ಷಕರಲ್ಲಿ ಇನ್ನೂ ಉಳಿದಿದೆ.

ಇಲ್ಲಿ ಹೊರಗಿನ ಒಂದು ಚರಿತ್ರೆಯನ್ನು ತರುವುದು ಅಗತ್ಯ. 1970ರ ದಶಕದ ನಡುವಿನಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹುಟ್ಟಿದ ಪಂಕ್ ಸಂಗೀತ ಮೇಲ್ನೋಟಕ್ಕೆ ಎಲ್ಲರಿಗೂ ಬಾಗಿಲು ತೆರೆದಿತ್ತು. ಮೂರು ಸ್ವರಮೇಳ ಬಂದರೆ ಸಾಕು, ಯಾರು ಬೇಕಾದರೂ ತಂಡ ಕಟ್ಟಬಹುದು ಎಂಬುದು ಅದರ ನಂಬಿಕೆ. 1976ರಲ್ಲಿ ಲಂಡನ್ನಿನಲ್ಲಿ 'ದಿ ಸ್ಲಿಟ್ಸ್' ಎಂಬ ಹೆಣ್ಣುಮಕ್ಕಳ ತಂಡ ಹುಟ್ಟಿತು. ಆದರೂ ಮುಂದಿನ ಹದಿನೈದು ವರ್ಷಗಳಲ್ಲಿ ಪಂಕ್ ಕೂಡ ಗಂಡಸರ ಕೂಟವಾಯಿತು. ಹುಡುಗಿ ಹಾಡಬಹುದು, ಡ್ರಮ್ ಮತ್ತು ಗಿಟಾರ್ ಗಂಡಸರದು. ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ ಪೆಟ್ಟು ತಿಂದ ಹುಡುಗಿಯರು ಗೋಡೆಗೆ ಒರಗಿ ನಿಲ್ಲಬೇಕು. 1990ರ ಆಸುಪಾಸಿನಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಕಾಲೇಜು ವಯಸ್ಸಿನ ಹೆಣ್ಣುಮಕ್ಕಳು ಇದನ್ನು ಪ್ರಶ್ನಿಸಿದರು. ಕ್ಯಾಥ್ಲೀನ್ ಹ್ಯಾನಾ, ಟೋಬಿ ವೇಲ್ ಮೊದಲಾದವರ 'ಬಿಕಿನಿ ಕಿಲ್' ತಂಡ, 'ರಯಟ್ ಗರ್ಲ್' ಎಂಬ ಚಳವಳಿ ಹುಟ್ಟಿದ್ದು ಹೀಗೆ. ಸಭೆಯಲ್ಲಿ ಹೆಣ್ಣುಮಕ್ಕಳು ಮುಂದಿನ ಸಾಲಿಗೆ ಬರಲಿ ಎಂದು ಹ್ಯಾನಾ ವೇದಿಕೆಯಿಂದಲೇ ಕರೆಯುತ್ತಿದ್ದರು. 1991ರ ಆಗಸ್ಟಿನಲ್ಲಿ ಅಲ್ಲಿ ನಡೆದ ಸಂಗೀತ ಸಮ್ಮೇಳನದ ಮೊದಲ ರಾತ್ರಿ ಹೆಣ್ಣುಮಕ್ಕಳದ್ದಾಯಿತು. ಅವರು ಕೈಬರಹದ ಸಣ್ಣ ಪತ್ರಿಕೆಗಳನ್ನು ನಕಲು ಮಾಡಿ ಹಂಚಿದರು, ಒಬ್ಬರಿಗೊಬ್ಬರು ವಾದ್ಯ ಕಲಿಸಿದರು.

ಆ ಚಳವಳಿಯ ಅಬ್ಬರ, ಉಡುಪು, ಬೈಗುಳಗಳನ್ನಷ್ಟೇ ನೆನಪಿಟ್ಟರೆ ಅದರ ತಿರುಳು ಕೈತಪ್ಪುತ್ತದೆ. ಅವರು ಕೇಳಿದ್ದು ವಾದ್ಯ, ಜಾಗ, ಕಲಿಕೆ ಈ ಮೂರನ್ನು. ಬಡಗುತಿಟ್ಟಿನ ಹೆಣ್ಣುಮಕ್ಕಳ ಪ್ರಶ್ನೆಯೂ ಇವೇ ಮೂರರದು ಎಂಬುದು ನನ್ನ ವಾದ. ಹೆಣ್ಣು ರಂಗಸ್ಥಳದಲ್ಲಿ ಕಾಣಿಸಿಕೊಂಡಳೇ ಎಂದು ಕೇಳುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಾಳ ಅವಳ ಕೈಗೆ ಬಂತೇ, ವೇಷ ಕಟ್ಟುವ ಚೌಕಿಯಲ್ಲಿ ಅವಳಿಗೆ ಜಾಗವಾಯಿತೇ, ಕಲಿಯುವ ಮೆಟ್ಟಿಲು ಅವಳಿಗೆ ಸಿಕ್ಕಿತೇ ಎಂದು ಕೇಳಬೇಕು.

ಮೆಟ್ಟಿಲಿನಿಂದಲೇ ಹೊರಡೋಣ. ಮೇಳದಲ್ಲಿ ಕಲಾವಿದ ತಯಾರಾಗುವ ಕ್ರಮ ಆಟದ ಪೂರ್ವರಂಗದೊಳಗೇ ಹುದುಗಿದೆ. ಹೊಸ ಹುಡುಗ ಕೋಡಂಗಿಯಾಗಿ ಕುಣಿಯುತ್ತಾನೆ, ಬಾಲಗೋಪಾಲನಾಗುತ್ತಾನೆ, ಪೀಠಿಕಾ ಸ್ತ್ರೀವೇಷ ಕಟ್ಟುತ್ತಾನೆ. ಪ್ರಸಂಗ ಸುರುವಾಗುವ ಮೊದಲು, ಜನ ಇನ್ನೂ ಬಂದು ಕೂರುತ್ತಿರುವಾಗ, ತಪ್ಪಿದರೂ ಯಾರೂ ಬೈಯದ ಹೊತ್ತಿನಲ್ಲಿ ಅವನ ಹೆಜ್ಜೆ ಗಟ್ಟಿಯಾಗುತ್ತದೆ. ದೀಪಾವಳಿಯ ನಂತರ ಹೊರಟ ಮೇಳ ಮಳೆಗಾಲಕ್ಕೆ ಮುಂಚೆ ಗೆಜ್ಜೆ ಬಿಚ್ಚುವ ತನಕ ಪ್ರತಿ ರಾತ್ರಿ ಈ ಅಭ್ಯಾಸ. ನಿದ್ದೆಗಣ್ಣಲ್ಲಿ ಚೌಕಿಯ ಮೂಲೆಯಲ್ಲಿ ಕೂತು ಹಿರಿಯರ ಅರ್ಥ ಕೇಳುವುದೂ ಪಾಠವೇ. ಈ ಶಾಲೆಗೆ ಹುಡುಗಿಗೆ ಪ್ರವೇಶವಿಲ್ಲ. ಹರಕೆ ಮೇಳಗಳ ತಿರುಗಾಟ ಇಂದಿಗೂ ಬಹುತೇಕ ಗಂಡಸರದೇ. ಆದ್ದರಿಂದ ಇಪ್ಪತ್ತೈದರ ಹರೆಯದಲ್ಲಿ ಸಂಘವೊಂದರ ಆಟದಲ್ಲಿ ಅಭಿಮನ್ಯುವಾಗುವ ಹೆಣ್ಣನ್ನು ಅದೇ ವಯಸ್ಸಿನ ಮೇಳದ ಕಲಾವಿದನ ಪಕ್ಕ ನಿಲ್ಲಿಸಿ 'ಹೆಂಗಸರ ಕುಣಿತದಲ್ಲಿ ಕಸುವಿಲ್ಲ' ಎನ್ನುವುದು ನ್ಯಾಯವಾದ ಹೋಲಿಕೆಯಲ್ಲ. ಅವನ ಬೆನ್ನಿಗೆ ನೂರಾರು ರಾತ್ರಿಗಳ ಅಭ್ಯಾಸವಿದೆ, ಅವಳಿಗೆ ವಾರಕ್ಕೆ ಒಂದೆರಡು ಸಂಜೆಯ ತರಗತಿ. ಕಸುವಿನ ಕೊರತೆ ಎಂದು ಕಂಡದ್ದು ಬಹುಪಾಲು ಅಭ್ಯಾಸದ ಕೊರತೆ.

ಹೆಣ್ಣನ್ನು ಮೇಳದಿಂದ ಹೊರಗಿಡಲು ಕೊಡುವ ಕಾರಣಗಳನ್ನೂ ಒಂದೊಂದಾಗಿ ಪರಿಶೀಲಿಸಬೇಕು. ಇಡೀ ರಾತ್ರಿಯ ಆಟ, ಊರೂರು ತಿರುಗಾಟ ಎಂಬುದು ಒಂದು. ಈಗ ಅನೇಕ ಮೇಳಗಳು ಕಾಲಮಿತಿಗೆ ಇಳಿದಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತವೆ. ರಾತ್ರಿ ಪಾಳಿಯಲ್ಲಿ ದುಡಿಯುವ ದಾದಿಯರು, ಬೆಳಗಿನ ಜಾವಕ್ಕೇ ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರು ಇರುವ ಊರಿನಲ್ಲಿ ಕತ್ತಲಿನ ಕಾರಣ ನಿಲ್ಲುವುದಿಲ್ಲ. ಚೌಕಿ ಒಂದೇ, ಎಲ್ಲರೂ ಅಲ್ಲೇ ವೇಷ ಕಟ್ಟಬೇಕು ಎಂಬುದು ಇನ್ನೊಂದು. ಇದು ನಿಜವಾದ ತೊಡಕು, ಆದರೆ ಒಂದು ಪರದೆ, ಒಂದು ಕೋಣೆಯಿಂದ ಬಗೆಹರಿಯುವಂಥದ್ದು. ಮೂರನೆಯದು ಮಡಿ. ಮೇಳದ ಜತೆ ದೇವರಿದ್ದಾರೆ, ಚೌಕಿಯಲ್ಲಿ ಗಣಪತಿಗೆ ಪೂಜೆಯಾಗುತ್ತದೆ, ಮುಟ್ಟಿನ ಹೆಣ್ಣು ಅಲ್ಲಿ ಹೇಗೆ ಎಂಬ ಮಾತು. ಮಂದಾರ್ತಿಯ ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಐದು ಮೇಳಗಳು ಹೊರಡುತ್ತವೆ, ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಹೆಣ್ಣು ದೇವರ ಹರಕೆಯ ಆಟದಲ್ಲಿ ಹೆಣ್ಣಿನ ದೇಹವೇ ಮೈಲಿಗೆಯೆಂದು ಹೊರಗಿಡುವುದನ್ನು ನಾನು ಒಪ್ಪಲಾರೆ. ಭಕ್ತಿಯ ಬಗ್ಗೆ ಗೌರವವಿಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ.

ಈ ಸೀಮೆಯ ಕುಟುಂಬ ವ್ಯವಸ್ಥೆಯೂ ಇಲ್ಲಿ ನೆನಪಾಗುತ್ತದೆ. ಬಂಟರು, ಮೊಗವೀರರು, ಬಿಲ್ಲವರು ಅಳಿಯಸಂತಾನ ಪದ್ಧತಿಯವರು. ಬಳಿ ಎಂಬ ಕುಲದ ಹೆಸರು ತಾಯಿಯ ಕಡೆಯಿಂದ ಇಳಿಯುತ್ತದೆ, ಆಸ್ತಿಯೂ ಹಾಗೆಯೇ ಇಳಿಯುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅದನ್ನು ಬರಹಕ್ಕೆ ತಂದಿತು. ಹೊರಗಿನವರು ಇದನ್ನು ಹೆಣ್ಣಾಳ್ವಿಕೆ ಎಂದು ಬಣ್ಣಿಸುವುದುಂಟು. ವ್ಯವಹಾರದಲ್ಲಿ ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇರುತ್ತಿತ್ತು. ವಂಶ ಅವಳ ಹೆಸರಿನಲ್ಲಿ, ತೀರ್ಮಾನ ಅವನ ಬಾಯಲ್ಲಿ. ರಂಗಸ್ಥಳದಲ್ಲೂ ಕಂಡದ್ದು ಇದೇ: ಪ್ರಸಂಗದ ಹೆಸರು ಹೆಣ್ಣಿನದು, ಆಡಿಸುವ ಅಧಿಕಾರ ಗಂಡಿನದು.

ಅಧಿಕಾರ ಎಂದಾಗ ಭಾಗವತನ ಮಾತು ಬರುತ್ತದೆ. ಮೊದಲ ವೇಷಧಾರಿ ಅವನೇ ಎಂದು ಮೇಳದಲ್ಲಿ ಹೇಳುವುದು ಸುಮ್ಮನೆ ಅಲ್ಲ. ಯಾವ ಪದ್ಯ ಇರಬೇಕು, ಯಾವುದನ್ನು ಬಿಡಬೇಕು, ಕುಣಿತ ಎಷ್ಟು ಹೊತ್ತು, ಮಾತು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವನ ಕೈಯ ತಾಳದಿಂದ ತೀರ್ಮಾನವಾಗುತ್ತದೆ. ಎಷ್ಟೇ ದೊಡ್ಡ ವೇಷಧಾರಿಯಾದರೂ ಆ ತಾಳಕ್ಕೆ ತಲೆಬಾಗಬೇಕು. ಒಬ್ಬ ಹೆಣ್ಣು ಆ ಜಾಗದಲ್ಲಿ ಕುಳಿತರೆ ಇಡೀ ಆಟ ಅವಳ ಅಂಕೆಗೆ ಬರುತ್ತದೆ. ಸ್ತ್ರೀವೇಷಕ್ಕೆ ಹೆಣ್ಣು ಬಂದಾಗ ಆಗದ ತಳಮಳ ಭಾಗವತಿಕೆಗೆ ಬಂದಾಗ ಆಗುವುದಕ್ಕೆ ಇದೇ ಕಾರಣ.

ಈ ಗೋಡೆಯನ್ನು ಮೊದಲು ಒಡೆದದ್ದು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟು. ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತ ಕಲಿತವರು. ಮದುವೆಯ ನಂತರ, ಹಿಮ್ಮೇಳದ ಗುರುವಾದ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತರು. ತಿರುಗಾಟದ ಮೇಳಗಳಲ್ಲಿ ಗಂಡ ಮದ್ದಳೆಗೋ ಚಂಡೆಗೋ ಕುಳಿತರೆ ಹೆಂಡತಿ ಜಾಗಟೆ ಹಿಡಿದು ಹಾಡಿದರು. ವೃತ್ತಿಪರ ಮೇಳದಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರೆಂದು ಅವರಿಗೆ ಹೆಸರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ದಾರಿಯಲ್ಲಿ ತೆಂಕಿನಲ್ಲಿ ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ, ಅಮೃತಾ ಅಡಿಗ ಮೊದಲಾದವರು ಬಂದರು; ಬಡಗಿನಲ್ಲಿ ಹೊನ್ನಾವರ ಕಡೆಯ ಚಿಂತನಾ ಹೆಗಡೆ ಮಾಳ್ಕೋಡ್ ಹಾಡುತ್ತಿದ್ದಾರೆ. ಲೀಲಾವತಿಯವರು ಘೋಷಣೆ ಕೂಗಿದವರಲ್ಲ, ಸ್ತ್ರೀವಾದಿ ಎಂದು ತಮ್ಮನ್ನು ಕರೆದುಕೊಂಡು ಹೊರಟವರಲ್ಲ. ಆದರೂ ಒಲಿಂಪಿಯಾದ ಹುಡುಗಿಯರು ಡ್ರಮ್ಮಿನ ಹಿಂದೆ ಕುಳಿತು ಸಾಧಿಸಿದ್ದನ್ನು ಅವರು ಅದಕ್ಕಿಂತ ಕಠಿಣವಾದ ಸನ್ನಿವೇಶದಲ್ಲಿ ಸಾಧಿಸಿದರು ಎಂದೇ ನಾನು ತಿಳಿದಿದ್ದೇನೆ. ಆ ಹುಡುಗಿಯರಿಗೆ ತಮ್ಮದೇ ಪ್ರೇಕ್ಷಕರಿದ್ದರು. ಇವರ ಎದುರಿಗೆ ಇದ್ದದ್ದು ಗಂಡು ಕಂಠಕ್ಕೆ ಒಗ್ಗಿಹೋದ ಸಭೆ.

ಹೆಣ್ಣಿನ ಶಾರೀರ ಭಾಗವತಿಕೆಗೆ ಹೊಂದದು ಎಂಬ ಮಾತಿಗೆ ಚರಿತ್ರೆಯ ಬೆಂಬಲವಿಲ್ಲ. ಮೈಕು ಬರುವ ಮುಂಚೆ ಕೊಯ್ದ ಗದ್ದೆಯ ಕೊನೆಯ ಸಾಲಿಗೂ ಕೇಳಿಸಬೇಕಾದ್ದರಿಂದ ಹಿಂದಿನ ಭಾಗವತರು ಎತ್ತರದ ಶ್ರುತಿಯಲ್ಲೇ ಹಾಡುತ್ತಿದ್ದರು. ಎತ್ತರದ ದನಿಯೇ ಪರಂಪರೆ. ನಿಜವಾದ ತಾಂತ್ರಿಕ ತೊಡಕೆಂದರೆ ಒಂದೇ ಆಟದಲ್ಲಿ ಗಂಡು, ಹೆಣ್ಣು ಭಾಗವತರು ಸರದಿಯಲ್ಲಿ ಹಾಡಿದಾಗ ಶ್ರುತಿ ಬದಲಾಗಿ ಮದ್ದಳೆ ಬದಲಿಸಬೇಕಾಗುವುದು. ಅದಕ್ಕೆ ಇನ್ನೊಂದು ಮದ್ದಳೆ ಇಟ್ಟುಕೊಂಡರಾಯಿತು. ಬದಲಾವಣೆಯನ್ನು ಈ ಸೀಮೆ ಎಷ್ಟು ಬೇಗ ಒಪ್ಪಿಕೊಳ್ಳಬಲ್ಲದು ಎಂಬುದಕ್ಕೆ ಗುಂಡ್ಮಿ ಕಾಳಿಂಗ ನಾವಡರೇ ಸಾಕ್ಷಿ. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ಅವರು ಮೂವತ್ತೆರಡರ ಒಳಗೆ ಬಡಗಿನ ಭಾಗವತಿಕೆಯ ರೂಪವನ್ನೇ ಬದಲಿಸಿದರು. ಹೊಸ ರಾಗ ತಂದರು, 'ನಾಗಶ್ರೀ'ಯಂಥ ಹೊಸ ಪ್ರಸಂಗ ಬರೆದರು, ಅವರ ಹಾಡು ಕೇಳಲೆಂದೇ ಜನ ಟಿಕೇಟು ಕೊಂಡು ಸಾಲಿಗ್ರಾಮ ಮೇಳದ ಡೇರೆಗೆ ಬಂದರು. ಸಂಪ್ರದಾಯ ಕೆಟ್ಟಿತು ಎಂದವರೂ ಇದ್ದರು. ಇಂದು ಅದೇ ಸಂಪ್ರದಾಯವಾಗಿದೆ. ಒಬ್ಬ ತರುಣನ ಕಂಠಕ್ಕೆ ಕಿವಿ ಹೊಂದಿಸಿಕೊಂಡ ಸಭೆಗೆ ತರುಣಿಯ ಕಂಠ ಹೊಂದದೆ ಹೋಗಲು ಕಾರಣ ಸಂಗೀತದಲ್ಲಿ ಇಲ್ಲ.

ಯಕ್ಷಗಾನದಲ್ಲಿ ಸಮಾನತೆಗೆ ಅತಿ ದೊಡ್ಡ ಅವಕಾಶ ಇರುವುದು ಅರ್ಥಗಾರಿಕೆಯಲ್ಲಿ ಎಂದು ನನ್ನ ನಂಬಿಕೆ. ಪದ್ಯ ಕವಿಯದ್ದು, ಅದನ್ನು ಬದಲಿಸುವಂತಿಲ್ಲ. ಅದರ ಬೆನ್ನಿಗೆ ಬರುವ ಮಾತು ಕಲಾವಿದನದ್ದು, ಆ ಕ್ಷಣದ್ದು. ಅಂಬೆಯ ಪಾತ್ರದಲ್ಲಿ ಗಂಡಸು ಎಷ್ಟೇ ಸಮರ್ಥವಾಗಿ ವಾದಿಸಿದರೂ ಅವನು ಕಟ್ಟುವುದು ಧರ್ಮಸೂಕ್ಷ್ಮದ ತರ್ಕ. ಹೆಣ್ಣೊಬ್ಬಳು ಅದೇ ಜಾಗದಲ್ಲಿ ನಿಂತು, ನನ್ನನ್ನು ಕೇಳಿದಿರಾ ಎಂದು ಭೀಷ್ಮನನ್ನು ಪ್ರಶ್ನಿಸುವಾಗ ಆ ಮಾತಿಗೆ ಬರುವ ಭಾರ ಬೇರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆತಗ್ಗಿಸಿ ಕೂತು ಎದ್ದುಬಂದ ಪ್ರೇಕ್ಷಕಿಗೆ ಅದು ಪುರಾಣವಾಗಿ ಉಳಿಯುವುದಿಲ್ಲ. ಕರಾವಳಿಯ ಮಹಿಳಾ ತಾಳಮದ್ದಳೆ ಕೂಟಗಳು ಈ ಕಾರಣಕ್ಕೆ ಮುಖ್ಯ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ವಾದವೊಂದೇ. ಪಂಕ್ ಹಾಡುಗಾರ್ತಿಯರು ತಮ್ಮ ಸಾಹಿತ್ಯ ತಾವೇ ಬರೆದು ಪಡೆದ ಸ್ವಾತಂತ್ರ್ಯ ನಮ್ಮಲ್ಲಿ ಅರ್ಥಗಾರಿಕೆಯ ರೂಪದಲ್ಲಿ ಮೊದಲೇ ಇದೆ. ಬಳಸಿಕೊಳ್ಳುವವರು ಬೇಕು, ಬಳಸಲು ಬಿಡುವವರೂ ಬೇಕು.

ಸಾಹಿತ್ಯ ಈ ವಿಷಯದಲ್ಲಿ ರಂಗಸ್ಥಳಕ್ಕಿಂತ ಮುಂದೆ ನಡೆದಿತ್ತು. ಕಾರಂತರ ಕಾದಂಬರಿಯೊಂದರ ಮೂಕಜ್ಜಿ ಬಾಲವಿಧವೆ. ಎಂಬತ್ತರ ಆ ಮುದುಕಿ ಕಾಮ, ದೇವರು, ಸಂಸಾರಗಳ ಬಗ್ಗೆ ಆಡುವ ಮಾತನ್ನು ಆಡಬಲ್ಲ ಗಂಡು ಪಾತ್ರ ಆ ಕಾದಂಬರಿಯಲ್ಲಿಲ್ಲ. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು ಇನ್ನೂ ಮುಂದೆ ಹೋದರು. ಮನೆಯವರು ಹುಚ್ಚಿಯೆಂದು ಬದಿಗಿಟ್ಟ ಅಕ್ಕು ಎಂಬ ಹೆಣ್ಣಿಗೆ ಅವರು ಕುಂದಾಪುರದ ಅಡುಗೆಮನೆಯ ಕನ್ನಡವನ್ನೇ ಆಯುಧವಾಗಿ ಕೊಟ್ಟರು. ಯಾರೂ ಆಡಬಾರದ್ದನ್ನು ಅವಳು ಎಲ್ಲರ ಎದುರು ಆಡಿಬಿಡುತ್ತಾಳೆ. ಚಂಪಾ ಶೆಟ್ಟಿಯವರ ನಿರ್ದೇಶನದಲ್ಲಿ ವೈದೇಹಿಯವರ ಕತೆಗಳು 'ಅಕ್ಕು' ನಾಟಕವಾಗಿ, 2018ರಲ್ಲಿ 'ಅಮ್ಮಚ್ಚಿಯೆಂಬ ನೆನಪು' ಸಿನಿಮಾ ಆಗಿ ಬಂದವು. ಪಂಕಿನ ಒರಟು ನೇರನುಡಿಗೆ ಈ ನೆಲದಲ್ಲಿ ಹತ್ತಿರದ ಬಂಧುವನ್ನು ಹುಡುಕಿದರೆ ನನಗೆ ಸಿಗುವವಳು ಅಕ್ಕುವೇ.

ಹೊರಗಿನಿಂದ ಬಂದ ಹೆಣ್ಣಿಗೆ ರಂಗಸ್ಥಳ ಸಡಿಲವಾಗುತ್ತದೆ ಎಂಬುದನ್ನೂ ದಾಖಲಿಸಬೇಕು. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಮಾರ್ತಾ ಆಷ್ಟನ್ 1960ರ ದಶಕದ ಕೊನೆಯ ಹೊತ್ತಿಗೆ ಉಡುಪಿಗೆ ಬಂದು ಮದ್ದಳೆಯ ಗುರು ಹಿರಿಯಡಕ ಗೋಪಾಲರಾಯರ ಬಳಿ ಕಲಿತರು, ವೇಷ ಕಟ್ಟಿ ಕುಣಿದರು, 1977ರಲ್ಲಿ ಬ್ರೂಸ್ ಕ್ರಿಸ್ಟಿಯೊಡನೆ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ವೈದೇಹಿಯವರ ಕತೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರು 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಮಂಥರೆಯಾದರು. ಎರಡೂ ಸಂತೋಷದ ಸಂಗತಿಗಳು. ಅತಿಥಿಗೆ ತೆರೆದ ಬಾಗಿಲು ಮನೆಮಗಳಿಗೂ ತೆರೆಯಬೇಕಲ್ಲವೇ?

ಮನೆಮಗಳು ಈಗ ಎಲ್ಲಿ ಕಲಿಯುತ್ತಿದ್ದಾಳೆ? ಮುಖ್ಯವಾಗಿ ಶಾಲೆಯಲ್ಲಿ. 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ, ಎಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ, ಯಕ್ಷಗಾನ ಮೇಳದ ಸೊತ್ತು ಮಾತ್ರ ಎಂಬ ಭಾವನೆಯನ್ನು ಮೊದಲು ಸಡಿಲಿಸಿತು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಕಲಿಸುತ್ತದೆ. ವರ್ಷದ ಕೊನೆಗೆ ನಡೆಯುವ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಕಿರೀಟ, ಮುಂಡಾಸು ಕಟ್ಟಿ ಬರುತ್ತಾರೆ. ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ಹೂವಿನಕೋಲಿಗೂ ಈಗ ಹುಡುಗಿಯರು ಕೂರುತ್ತಾರೆ. ಈ ತಲೆಮಾರಿನ ಹುಡುಗಿಗೆ ತಾನು ಕುಣಿಯಬಹುದೇ ಎಂಬ ಸಂಶಯವೇ ಇಲ್ಲ. ಆದರೆ ಹತ್ತನೇ ತರಗತಿ ಮುಗಿದ ಕೂಡಲೇ ಅವಳ ಗೆಜ್ಜೆ ಕಪಾಟು ಸೇರುತ್ತದೆ. ಚೆನ್ನಾಗಿ ಕುಣಿದ ಹುಡುಗನಿಗೆ ಮೇಳದ ಯಜಮಾನರಿಂದ ಕರೆ ಬರಬಹುದು, ಅವಳಿಗೆ ಬರುವುದಿಲ್ಲ.

ನೆರೆಯ ಕೇರಳ ಈ ಹಂತವನ್ನು ದಾಟಿದ ರೀತಿ ಗಮನಾರ್ಹ. ತೃಪ್ಪೂಣಿತ್ತುರದಲ್ಲಿ 1975ರಲ್ಲೇ ಹೆಂಗಸರ ಕಥಕಳಿ ತಂಡ ಹುಟ್ಟಿತು. 1930ರಲ್ಲಿ ಆರಂಭವಾದ ಕೇರಳ ಕಲಾಮಂಡಲಂ ಹುಡುಗಿಯರನ್ನು ಕಥಕಳಿ ತರಗತಿಗೆ ಸೇರಿಸಿಕೊಂಡದ್ದು 2021ರಲ್ಲಿ. ಹವ್ಯಾಸಿ ತಂಡದಿಂದ ಸಂಸ್ಥೆಯ ತರಗತಿಗೆ ನಲವತ್ತಾರು ವರ್ಷ. ನಮ್ಮಲ್ಲೇ ವೃತ್ತಿ ರಂಗಭೂಮಿಯ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಗಂಡು ಪಾತ್ರಗಳನ್ನು ತಾವೇ ವಹಿಸಿ, ಅದನ್ನೇ ಹೊಟ್ಟೆಪಾಡಾಗಿಸಿಕೊಂಡು ಬದುಕಿ ತೋರಿಸಿದ್ದರು. ಹೆಣ್ಣುಮಕ್ಕಳದೇ ಪ್ರತ್ಯೇಕ ತಂಡ ಒಂದು ಹಂತಕ್ಕೆ ಅನಿವಾರ್ಯ.  ಆದರೆ ಅಲ್ಲಿಗೇ ನಿಂತರೆ ಮಹಿಳಾ ಯಕ್ಷಗಾನವೆಂಬುದು ಮಹಿಳಾ ದಿನಾಚರಣೆಯ, ಉತ್ಸವದ ಸಂಜೆಯ ಎರಡು ಗಂಟೆಯ ಕಾರ್ಯಕ್ರಮವಾಗಿ ಉಳಿಯುತ್ತದೆ. ಸಂಭಾವನೆಯ ಲೆಕ್ಕಕ್ಕೆ, ವಿಮರ್ಶೆಯ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಮೂರು ತಾಲೂಕುಗಳ ಮೇಳಗಳನ್ನು ನಡೆಸುವ ದೇವಸ್ಥಾನದ ಮೊಕ್ತೇಸರರಲ್ಲಿ, ಯಜಮಾನರಲ್ಲಿ, ಭಾಗವತರಲ್ಲಿ ಒಂದು ವಿನಂತಿ. ದೊಡ್ಡ ವೇಷಗಳ ಮಾತು ಸದ್ಯ ಬೇಡ. ಮುಂದಿನ ತಿರುಗಾಟದಲ್ಲಿ ಕೋಡಂಗಿಗೆ, ಬಾಲಗೋಪಾಲನಿಗೆ, ಪೀಠಿಕಾ ಸ್ತ್ರೀವೇಷಕ್ಕೆ ಊರಿನ ಶಾಲೆಯಲ್ಲಿ ಕಲಿತ ಹುಡುಗಿಯರನ್ನೂ ಕರೆಯಿರಿ. ಹಿಮ್ಮೇಳದಲ್ಲಿ ಸಂಗೀತಗಾರರಿಗೆ (ಪೂರ್ವರಂಗದಲ್ಲಿ ಹಾಡುವ ಕಿರಿಯ ಭಾಗವತರಿಗೆ) ಕೊಡುವ ಅವಕಾಶದಲ್ಲಿ ಒಂದು ಪದ್ಯವನ್ನು ಅವರಿಗೂ ಹಾಡಲು ಬಿಡಿ. ಹುಡುಗನಿಗೆ ಕೊಡುವ ಸಂಬಳವನ್ನೇ ಕೊಡಿ. ಆಟ ಕಾಂಬುಕೆ ಬರುವ ಸಭೆಯಲ್ಲಿ ಅರ್ಧದಷ್ಟು ಹೆಂಗಸರೇ ಇದ್ದಾರೆ.